'ಹಗುರ ಕೆಲಸಕ್ಕೆ ಯೋಗ್ಯ': ಒಂದು ಡಾಕ್ಟರ್ ಚೀಟಿಯ ಚರಿತ್ರೆ

1

ದಲಿತ ವಿಮರ್ಶೆ ಅಂದಕೂಡಲೆ ನಾವು ಕವಿತೆ, ಕತೆ, ಆತ್ಮಕತೆಗಳ ಕಡೆಗೆ ತಿರುಗುತ್ತೇವೆ. 1973ರ ಬೂಸಾ ಪ್ರಕರಣದಿಂದ ಈಚೆಗೆ ನಮ್ಮ ವಿಮರ್ಶೆ ಬೆಳೆದುಬಂದ ದಾರಿಯೇ ಅದು. ಕನ್ನಡದಲ್ಲಿ ಬರೆದದ್ದರೊಳಗೆ ಯಾರ ಬದುಕು ಇದೆ, ಯಾರದು ಇಲ್ಲ ಅನ್ನೋ ಪ್ರಶ್ನೆಯನ್ನ ಅಂದು ಕೇಳಿದವರಿಗೆ ಏಟು ಬಿದ್ದವು. ಇವತ್ತು ಅದೇ ಪ್ರಶ್ನೆ ಎಂ.ಎ. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರ್ತದೆ. ಅಷ್ಟರ ಮಟ್ಟಿಗೆ ಗೆದ್ದಿದ್ದೇವೆ.

ಆದರೆ ದಲಿತರ ಬದುಕನ್ನು ನಿಜವಾಗಿ ತೀರ್ಮಾನ ಮಾಡುವ ಬರವಣಿಗೆ ಸಾಹಿತ್ಯದ ಆಚೆಗೂ ಇದೆ. ಪಹಣಿ, ಜಾತಿ ಪ್ರಮಾಣಪತ್ರ, ಪೊಲೀಸರ ಎಫ್.ಐ.ಆರ್., ಮೇಸ್ತ್ರಿಯ ಹಾಜರಿ ಪುಸ್ತಕ, ಡಾಕ್ಟರ ಚೀಟಿ - ಇವೂ ಪಠ್ಯಗಳೇ. ಇವಕ್ಕೂ ಬರೆದವನೊಬ್ಬ ಇದ್ದಾನೆ, ಒಂದು ಭಾಷೆ ಇದೆ, ಬಿಟ್ಟುಬಿಟ್ಟ ಸಂಗತಿಗಳಿವೆ. ಕವಿತೆಯನ್ನು ಎದುರುಹಾಕಿಕೊಂಡು ಓದಲು ಕಲಿತ ನಾವು ಇವುಗಳನ್ನು ಹಾಗೆ ಓದಿದ್ದು ಕಡಿಮೆ. ಓದದೆ ಸುಮ್ಮನೆ ಹೆಬ್ಬೆಟ್ಟು ಒತ್ತಿದ್ದೇವೆ.

ಈ ಲೇಖನದಲ್ಲಿ ನಾನು ಕೊನೆಯದನ್ನು ಮಾತ್ರ ಎತ್ತಿಕೊಂಡಿದ್ದೇನೆ. ಕೆಲಸದ ಜಾಗದಲ್ಲಿ ಪೆಟ್ಟು ಬಿದ್ದ ಆಳಿನ ಬಗ್ಗೆ ವೈದ್ಯ ಬರೆಯುವ ಒಂದು ಸಾಲು: 'ಈತನು ಕೆಲಸಕ್ಕೆ ಮರಳಲು ಯೋಗ್ಯನಿದ್ದಾನೆ'. ಈ ಸಾಲಿಗೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಇದನ್ನು ಓದುವಾಗ ಮೂರು ಪ್ರಶ್ನೆ ಜೊತೆಗಿಟ್ಟುಕೊಳ್ಳೋಣ. ಯಾವ ಕೆಲಸಕ್ಕೆ ಯೋಗ್ಯ? ಯಾರ ಲೆಕ್ಕದಲ್ಲಿ ಯೋಗ್ಯ? ಆ ಆಳು 'ಇಲ್ಲ, ನನ್ನ ಕೈಲಿ ಆಗಲ್ಲ' ಅಂದರೆ ಆ ಮಾತಿಗೆ ಬೆಲೆ ಎಷ್ಟು?

2

ಚಿತ್ರದುರ್ಗವನ್ನು ಕೋಟೆಯ ಜಿಲ್ಲೆ, ಬರದ ಜಿಲ್ಲೆ ಅಂತ ಪಾಠದ ಪುಸ್ತಕಗಳು ಹೇಳಿಕೊಡ್ತವೆ. ಇದು ಕಲ್ಲು ಮತ್ತು ಅದಿರಿನ ಜಿಲ್ಲೆಯೂ ಹೌದು. ಚಿತ್ರದುರ್ಗದ ಮಗ್ಗುಲ ಇಂಗಳದಾಳಿನಲ್ಲಿ ತಾಮ್ರದ ಗಣಿ ಇತ್ತು, ಮುಚ್ಚಿಹೋಯಿತು. ಭೀಮಸಮುದ್ರದ ಸುತ್ತಿನ ಗುಡ್ಡಗಳಲ್ಲಿ, ಹೊಳಲ್ಕೆರೆ, ಹೊಸದುರ್ಗದ ಕಡೆ ಕಬ್ಬಿಣ, ಮ್ಯಾಂಗನೀಸು. ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಯ ಕುಲುಮೆಗಳಿಗೆ ಹೆಸರಾಗಿತ್ತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಹಿರಿಯೂರಿನ ಮಾರಿಕಣಿವೆಯಲ್ಲಿ 1907ರ ಹೊತ್ತಿಗೆ ಮುಗಿದ ವಾಣಿವಿಲಾಸ ಸಾಗರದ ಕಟ್ಟೆ ಕೈಯಲ್ಲಿ ಹೊತ್ತ ಕಲ್ಲಿನಿಂದ ಎದ್ದು ನಿಂತದ್ದು.

ಈ ಕೆಲಸಗಳ ಚರಿತ್ರೆಯನ್ನು ಬರೆದವರೆಲ್ಲ ಎಣಿಸಿದ್ದು ಏನನ್ನು? ಅದಿರಿನ ಟನ್ನು, ಕಟ್ಟೆಯ ಅಡಿ, ಖಜಾನೆಗೆ ಬಂದ ರೂಪಾಯಿ. ಕಲ್ಲು ಒಡೆದ ಭೋವಿಗಳು, ಮಣ್ಣು ಹೊತ್ತ ಮಾದಿಗರು, ಲಂಬಾಣಿಗಳು, ಹೊಲೆಯರು ಆ ಲೆಕ್ಕದಲ್ಲಿ 'ಕೂಲಿ' ಅನ್ನುವ ಒಂದೇ ಪದದೊಳಗೆ ಕರಗಿಹೋದರು. ಕಲ್ಲು ವಡ್ಡರು, ಮಣ್ಣು ವಡ್ಡರು ಅಂತ ಕೆಲಸವನ್ನೇ ಕುಲದ ಹೆಸರಾಗಿ ಅಂಟಿಸಿದ ಸಮಾಜ, ಆ ಕೆಲಸದಿಂದ ಸವೆದ ಮೈಯನ್ನು ಮಾತ್ರ ಬರೆದಿಡಲಿಲ್ಲ. ಇದು ಹಳೆಯ ಕಾಲದ ಕತೆ ಅಂದುಕೊಳ್ಳಬೇಡಿ. ಸುಪ್ರೀಂ ಕೋರ್ಟು 2011ರ ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನ ಮೇಲೆ ಷರತ್ತಿನೊಂದಿಗೆ ಮತ್ತೆ ಶುರುವಾಯಿತು. ಆ ಕಾಲದ ಚರ್ಚೆಯೆಲ್ಲ ಕಾಡು, ಕಪ್ಪ, ಗಡಿಗುರುತು, ರಫ್ತಿನ ಸುತ್ತ ನಡೆಯಿತು. ಕಾಡಿನ ಚರ್ಚೆ ಆಗಲೇಬೇಕಿತ್ತು. ಗುಡ್ಡದ ಗಾಯಕ್ಕೆ ತಜ್ಞರ ಸಮಿತಿ ಬಂತು. ಗುಡ್ಡ ಅಗೆದವನ ಗಾಯಕ್ಕೆ ಹಿಂದೆ ಇದ್ದ ಒಂದು ಚೀಟಿಯೇ ಗತಿ.

ಚೀಟಿ ಎಂಥದು ಅಂತ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಸೋದರಮಾವ ಹೊಳಲ್ಕೆರೆ ಕಡೆಯ ಒಂದು ಕಲ್ಲು ಕ್ವಾರಿಯಲ್ಲಿ ಕೆಲಸಕ್ಕಿದ್ದರು. ಕಲ್ಲು ಜಾರಿ ಎಡಗಾಲ ಮೂಳೆ ಮುರಿಯಿತು. ಮಾಲೀಕನೇ ತೋರಿಸಿದ ಡಾಕ್ಟರು ಮೂರು ತಿಂಗಳಾದ ಮೇಲೆ ಬರೆದುಕೊಟ್ಟರು: ಮೂಳೆ ಕೂಡಿದೆ, ಹಗುರ ಕೆಲಸಕ್ಕೆ ಯೋಗ್ಯ. ಮೂಳೆ ಕೂಡಿದ್ದು ಸುಳ್ಳಲ್ಲ, ಎಕ್ಸ್‌ರೇಯಲ್ಲಿ ಕಾಣುತ್ತಿತ್ತು. ಮಾವ ನನಗೆ ಹೇಳಿದ್ದಿಷ್ಟು: "ಕ್ವಾರಿಯಾಗೆ ಹಗುರ ಕೆಲ್ಸ ಅಂತ ಇರೋದು ಒಂದೇ ಕಣೋ ಅಳಿಯಾ, ಕುರ್ಚಿ ಮ್ಯಾಲೆ ಕುಂತು ಲೆಕ್ಕ ಬರೆಯೋದು. ಅದನ್ನ ನಮ್ಮಂತೋರಿಗೆ ಯಾವತ್ತಾರ ಕೊಟ್ಟವ್ರಾ?"

ಈ ಮಾತನ್ನು ನಾನು ಒಂದು ವಿಮರ್ಶೆಯಾಗಿಯೇ ಓದುತ್ತೇನೆ. 'ಹಗುರ ಕೆಲಸ' ಅನ್ನೋದು ವೈದ್ಯಶಾಸ್ತ್ರದ ಪದದ ಹಾಗೆ ಕಾಣ್ತದೆ. ಅದು ಜಾತಿಯ ಪದವೂ ಹೌದು. ಹಗುರ ಕೆಲಸಗಳು ಲೋಕದಲ್ಲಿ ಇವೆ, ನಿಜ, ಅವು ಹಂಚಿಹೋಗಿವೆ. ಶ್ರಮವಿಭಜನೆಯ ಹೆಸರಲ್ಲಿ ಜಾತಿ ಮಾಡಿರುವುದು ಶ್ರಮಿಕರ ವಿಭಜನೆ ಅಂತ ಅಂಬೇಡ್ಕರ್ 1936ರಲ್ಲೇ ವಾದ ಮಂಡಿಸಿದ್ದರು. ಆ ವಾದಕ್ಕೆ ಮುಂಬಯಿಯ ಹತ್ತಿ ಗಿರಣಿಗಳೇ ಸಾಕ್ಷಿ ಇದ್ದವು. ಕೂಲಿ ಹೆಚ್ಚಿದ್ದ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ಕಾರಣ, ಲಾಳಿಯ ನೂಲನ್ನು ಬಾಯಿಂದ ಹೀರಿ ಎಳೆಯಬೇಕಿತ್ತು, ಎಂಜಲಿನ ಮೈಲಿಗೆ. ಅಂಥ ಗಿರಣಿಯಲ್ಲಿ ಕೈಗೆ ಪೆಟ್ಟಾದ ಒಬ್ಬ ಮಹಾರ್ ಆಳಿಗೆ 'ಬೇರೆ ಖಾತೆಯಲ್ಲಿ ಕೆಲಸ ಮಾಡಬಲ್ಲ' ಅಂತ ಡಾಕ್ಟರು ಬರೆದರೆ ಆ ಸಾಲು ಶಾಸ್ತ್ರದ ಪ್ರಕಾರ ಸರಿ, ಲೋಕದ ಪ್ರಕಾರ ಸುಳ್ಳು.

3

ಈ ಚೀಟಿಗೆ ಬಲ ಬಂದದ್ದು ಕಾನೂನಿನಿಂದ. ಬ್ರಿಟಿಷ್ ಇಂಡಿಯಾದಲ್ಲಿ 1923ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ಆಯಿತು, 1924ರ ಜುಲೈ 1ರಿಂದ ಜಾರಿಗೆ ಬಂತು. ಮೈಸೂರು ಸಂಸ್ಥಾನವೂ ಅದೇ ದಾರಿಯಲ್ಲಿ ತನ್ನ ಕಾಯ್ದೆ ಮಾಡಿಕೊಂಡಿತು. ಇದೊಂದು ದೊಡ್ಡ ಹೆಜ್ಜೆ ಅನ್ನೋದರಲ್ಲಿ ಅನುಮಾನವಿಲ್ಲ. ಅಲ್ಲಿಯವರೆಗೆ ಪೆಟ್ಟು ಬಿದ್ದವನಿಗೆ ಸಿಗುತ್ತಿದ್ದದ್ದು ಧಣಿಯ ದಯೆ. ಈಗ ಅದು ಕೇಳಿ ಪಡೆಯುವ ಹಕ್ಕಾಯಿತು.

ಆದರೆ ಹಕ್ಕಿನ ಬಾಗಿಲಲ್ಲಿ ವೈದ್ಯನನ್ನು ಕೂರಿಸಿದರು. ಆ ಕಾಯ್ದೆಯ 11ನೇ ಸೆಕ್ಷನ್ನನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಅಪಘಾತದ ನೋಟಿಸು ಬಂದ ಮೂರು ದಿನದೊಳಗೆ ಮಾಲೀಕ ತನ್ನ ಖರ್ಚಿನಲ್ಲಿ ವೈದ್ಯರಿಂದ ಪರೀಕ್ಷೆ ಮಾಡಿಸ್ತೀನಿ ಅಂದರೆ ಆಳು ಒಪ್ಪಲೇಬೇಕು. ಒಪ್ಪದಿದ್ದರೆ ಪರಿಹಾರದ ಹಕ್ಕು ತಡೆಹಿಡಿಯಲ್ಪಡುತ್ತದೆ. ಪರೀಕ್ಷೆಗೆ ಮುಂಚೆ ತಾನಾಗಿ ಕೆಲಸದ ಜಾಗದ ಆಸುಪಾಸು ಬಿಟ್ಟುಹೋದರೂ ಹಾಗೆಯೇ, ವಾಪಸು ಬಂದು ಪರೀಕ್ಷೆಗೆ ಒಡ್ಡಿಕೊಳ್ಳುವವರೆಗೆ. ಡಾಕ್ಟರ ಸೂಚನೆಯನ್ನು ಬೇಕಂತಲೇ ಮೀರಿದ್ದರಿಂದ ಗಾಯ ಉಲ್ಬಣವಾಯಿತು ಅಂತ ಸಾಬೀತಾದರೆ, ಉಲ್ಬಣವಾದ ಭಾಗ ಲೆಕ್ಕಕ್ಕಿಲ್ಲ.

ಬರೆದವರ ಕಣ್ಣಲ್ಲಿ ಇದು ಮೋಸ ತಡೆಯುವ ಏರ್ಪಾಟು. ನಮ್ಮ ಕಡೆಯ ಆಳಿನ ಕಣ್ಣಿಂದ ನೋಡಿ. ಕಾಲು ಮುರಿದರೆ ಅವನು ಹೋಗುವುದು ಎಲ್ಲಿಗೆ? ಊರಿಗೆ. ಅಲ್ಲಿ ನೀರು ಕೊಡುವವರು ಇದ್ದಾರೆ, ಪುತ್ತೂರು ಕಟ್ಟು ಹಾಕುವವನೋ ಪಟ್ಟು ಹಾಕುವವನೋ ಗೊತ್ತಿರುವವನು ಒಬ್ಬ ಇದ್ದಾನೆ. ಕೆಲಸದ ಜಾಗದ ಶೆಡ್ಡಿನಲ್ಲಿ ಮಲಗಿದರೆ ಉಚ್ಚೆ ಹೊಯ್ಯಿಸಲಿಕ್ಕೂ ಜನ ಇಲ್ಲ. ಅವನ ಪಾಲಿಗೆ ಬದುಕುವ ದಾರಿಯಾದದ್ದು ಕಾನೂನಿನ ಪಾಲಿಗೆ 'ತಾನಾಗಿ ಬಿಟ್ಟುಹೋದದ್ದು' ಆಗಬಹುದು.

ಇನ್ನೊಂದು, 6ನೇ ಸೆಕ್ಷನ್ನು. ತಾತ್ಕಾಲಿಕವಾಗಿ ಕೆಲಸ ಮಾಡಲಾಗದವನಿಗೆ ಹದಿನೈದು ದಿನಕ್ಕೊಮ್ಮೆ ಹಣ ಬರುವ ಏರ್ಪಾಟು ಈ ಕಾಯ್ದೆಯಲ್ಲಿತ್ತು. ತಿಂಗಳ ಕೂಲಿಯ ಕಾಲುಭಾಗ ಪ್ರತಿ ಪಕ್ಷಕ್ಕೆ, ಹೆಚ್ಚೆಂದರೆ ಐದು ವರ್ಷ. ಆಳಿನ ಸ್ಥಿತಿ ಬದಲಾಗಿದೆ ಅನ್ನುವ ಒಬ್ಬ ಅರ್ಹ ವೈದ್ಯನ ಸರ್ಟಿಫಿಕೇಟು ಇಟ್ಟು ಅರ್ಜಿ ಹಾಕಿದರೆ ಆಯುಕ್ತರು ಆ ಹಣವನ್ನು ಮರುಪರಿಶೀಲಿಸಬಹುದು. ಹೆಚ್ಚಿಸಲೂಬಹುದು, ಇಳಿಸಲೂಬಹುದು, ನಿಲ್ಲಿಸಲೂಬಹುದು. ಈ ಬಾಗಿಲು ಎರಡೂ ಕಡೆಗೆ ತೆರೆದಿತ್ತು. ಅರ್ಜಿ ಹಾಕುವ ಹಕ್ಕು ಮಾಲೀಕನಿಗಿದ್ದಷ್ಟೇ ಆಳಿಗೂ ಇತ್ತು. ಕಾಗದದ ಮೇಲೆ ಇದು ಸಮಾನತೆ. ಆದರೆ ಸರ್ಟಿಫಿಕೇಟು ತರುವ ಶಕ್ತಿ ಸಮಾನವಾಗಿರಲಿಲ್ಲ. ಮಾಲೀಕನ ಡಾಕ್ಟರು ಸಿದ್ಧವಾಗಿರ್ತಾನೆ. ಆಳು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಬೇಕಾದರೆ ಬಸ್ ಚಾರ್ಜು, ಫೀಜು, ಒಂದು ದಿನದ ಕೂಲಿ ಎಲ್ಲ ಕೈಬಿಡಬೇಕು. ಆ ಡಾಕ್ಟರು ಮುಂದೊಂದು ದಿನ ಸಾಕ್ಷಿ ಹೇಳಲು ಬರಬೇಕು. ಬರುವುದು ಕಡಿಮೆ.

ಇದರ ಮಧ್ಯೆ ಊರಿನ ರಾಜಿ ಇದೆ. ಹಿರಿಯರು ಸೇರಿ, ಇಷ್ಟು ತಗೊಂಡು ಸುಮ್ಮನಿರಪ್ಪ, ನಾಳೆ ಅವರ ಹತ್ರಾನೇ ಕೆಲಸಕ್ಕೆ ಹೋಗಬೇಕಲ್ಲ ಅಂತ ಬಿಳಿ ಹಾಳೆಗೆ ಹೆಬ್ಬೆಟ್ಟು ಹಾಕಿಸ್ತಾರೆ. ಪರಿಹಾರದ ಹಕ್ಕು ಬಿಟ್ಟುಕೊಡುವ ಒಪ್ಪಂದ ಊರ್ಜಿತವಾಗುವುದಿಲ್ಲ ಅಂತ ಅದೇ ಕಾಯ್ದೆಯ 17ನೇ ಸೆಕ್ಷನ್ನು ಹೇಳುತ್ತಿತ್ತು. ಗುತ್ತಿಗೆದಾರನ ಕೆಳಗೆ ದುಡಿದವನಿಗೂ ಮೂಲ ಮಾಲೀಕನೇ ಹೊಣೆ ಅಂತ 12ನೇ ಸೆಕ್ಷನ್ನು ಹೇಳುತ್ತಿತ್ತು. ಇವೆರಡು ಸಾಲು ನಮ್ಮ ಕೇರಿಗಳನ್ನು ಮುಟ್ಟಲಿಲ್ಲ. ಡಾಕ್ಟರ ಚೀಟಿ ಮಾತ್ರ ಮುಟ್ಟಿತು.

4

ಕರ್ನಾಟಕದಲ್ಲಿ ಈ ಜಗಳ ಅತ್ಯಂತ ಆಳಕ್ಕೆ ಇಳಿದದ್ದು ಕೋಲಾರದ ಚಿನ್ನದ ಗಣಿಯಲ್ಲಿ. ಇಲ್ಲಿ ಆಳ ಅನ್ನೋ ಮಾತಿಗೆ ಅಕ್ಷರಶಃ ಅರ್ಥ ಇದೆ; ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಹೋಗಿತ್ತು. ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಇಲ್ಲಿ ತಳವೂರಿತು. ಕೆಳಗಿಳಿದವರು ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ದಲಿತರು. ಊರಿನ ಜೀತ ಬಿಟ್ಟು ನೆಲದ ಹೊಟ್ಟೆಗೆ ಹೋದವರು. ತಮ್ಮ ಮೈಯನ್ನು ಕಂಪನಿ ಗುರುತುಹಾಕುವ ರೀತಿಯ ಬಗ್ಗೆ ಅವರಿಗೆ ಮೊದಲಿಂದಲೂ ಎಚ್ಚರ ಇತ್ತು. 1930ರಲ್ಲಿ ಬೆರಳಚ್ಚು ತೆಗೆದುಕೊಳ್ಳುವ ಹೊಸ ಪದ್ಧತಿಯ ವಿರುದ್ಧ ಸಾವಿರಾರು ಜನ ಮುಷ್ಕರ ಹೂಡಿದರು. ಚರಿತ್ರಕಾರ್ತಿ ಜಾನಕಿ ನಾಯರ್ ಈ ಕಾರ್ಮಿಕರ ಚರಿತ್ರೆಯನ್ನು ವಿವರವಾಗಿ ಬರೆದಿದ್ದಾರೆ. ಮುಂದೆ ಇದೇ ನೆಲ ರಿಪಬ್ಲಿಕನ್ ಪಕ್ಷದವರನ್ನು ವಿಧಾನಸಭೆಗೆ ಕಳಿಸಿತು ಅನ್ನೋದನ್ನೂ ನೆನಪಿಡಬೇಕು.

ಕೋಲಾರದ ಚಿನ್ನ ಇರುವುದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ ಸಣ್ಣ ದೂಳು ಪುಪ್ಪುಸಕ್ಕೆ ಇಳಿದು ಅಲ್ಲೇ ಕೂತು ಗಂಟುಗಂಟಾಗುತ್ತದೆ. ಉಸಿರು ಕುಗ್ಗುತ್ತದೆ. ಇದು ಸಿಲಿಕೋಸಿಸ್. ಇದಕ್ಕೆ ಮದ್ದಿಲ್ಲ. ದೂಳು ಬಿಟ್ಟು ಬಂದ ಮೇಲೂ ರೋಗ ಬೆಳೆಯಬಲ್ಲದು. ಕಾರ್ಮಿಕರ ಪರಿಹಾರದ ಕಾನೂನು ಅಪಘಾತವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅಪಘಾತಕ್ಕೆ ತಾರೀಖು ಇರುತ್ತದೆ, ದೂಳಿಗೆ ತಾರೀಖು ಇರುವುದಿಲ್ಲ. ಮೈಸೂರು ಸಂಸ್ಥಾನ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದು ಈ ರೋಗವನ್ನು ಪರಿಹಾರದ ವ್ಯಾಪ್ತಿಗೆ ಸೇರಿಸಿತು. ಇಂಡಿಯಾದಲ್ಲೇ ಮೊದಮೊದಲ ಇಂಥ ಕಾನೂನುಗಳಲ್ಲಿ ಇದೊಂದು.

ಆದರೆ ಇಲ್ಲಿ ತೀರ್ಮಾನ ಇನ್ನೂ ಹೆಚ್ಚಾಗಿ ವೈದ್ಯನ ಕೈಗೆ ಹೋಯಿತು. ಮುರಿದ ಕಾಲನ್ನು ಆಳು ತೋರಿಸಬಲ್ಲ. ಪುಪ್ಪುಸವನ್ನು ಓದಬಲ್ಲವನು ಎಕ್ಸ್‌ರೇ ಓದಬಲ್ಲವನು ಮಾತ್ರ. ಸಿಲಿಕೋಸಿಸ್ ಇದ್ದವನಿಗೆ ಕ್ಷಯ ಬೇಗ ಅಂಟುತ್ತದೆ, ಎರಡೂ ಎಕ್ಸ್‌ರೇಯಲ್ಲಿ ಒಂದರ ಮೇಲೊಂದು ಕೂತು ಕಾಣಿಸ್ತವೆ. ಕ್ಷಯ ಅಂತ ಬರೆದರೆ ಅದು ಬಡತನದ ರೋಗ, ಕೇರಿಯ ರೋಗ, ಅವನ ಮನೆಯ ರೋಗ, ಮಾಲೀಕನಿಗೆ ಸಂಬಂಧವಿಲ್ಲ. ಸಿಲಿಕೋಸಿಸ್ ಅಂತ ಬರೆದರೆ ಅದು ಕೆಲಸದ ರೋಗ, ಮಾಲೀಕ ಕೊಡಬೇಕು. ಒಂದು ಪದದ ವ್ಯತ್ಯಾಸದ ಮೇಲೆ ಒಂದು ಸಂಸಾರದ ಅನ್ನ ನಿಂತಿರ್ತದೆ. ಕ್ಷಯಕ್ಕೆ ಔಷಧಿ ಮುಗಿಸಿದವನನ್ನು ವಾಸಿಯಾಗಿದೆ ಅಂತ ಮತ್ತೆ ಅದೇ ದೂಳಿಗೆ ಕಳಿಸುವುದು ಈ ತಪ್ಪಿನ ಎರಡನೆಯ ಅಂಕ.

ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಈ ಎರಡು ಪದಗಳ ಜಗಳ ಮುಚ್ಚಲಿಲ್ಲ. ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರದ ಆದಿವಾಸಿಗಳು ಗುಜರಾತಿನ ಬೆಣಚುಕಲ್ಲು ಪುಡಿ ಮಾಡುವ ಕಾರ್ಖಾನೆಗಳಿಗೆ ಹೋಗಿ ಸಿಲಿಕೋಸಿಸ್ ಹೊತ್ತು ತಂದರು. ಸತ್ತ 238 ಜನರ ಸಂಸಾರಗಳಿಗೆ ತಲಾ ಮೂರು ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟು ಗುಜರಾತಿಗೆ ಆದೇಶಿಸಿದ್ದು 2016ರ ಮೇ 4ರಂದು. ಅರ್ಜಿ ಹಾಕಿದ್ದು 2006ರಲ್ಲಿ. ಚಿತ್ರದುರ್ಗದ ಕ್ರಷರುಗಳ ಬಿಳಿ ದೂಳಿನಲ್ಲಿ ನಿಂತವರು ಇದನ್ನು ದೂರದ ಸುದ್ದಿಯಾಗಿ ಓದಬೇಕಾಗಿಲ್ಲ. ಕೆಮ್ಮಿಗೆ ಅಂತ ಹೋದವನಿಗೆ ಡಾಕ್ಟರು ಕೇಳಬೇಕಾದ ಮೊದಲ ಪ್ರಶ್ನೆ 'ಬೀಡಿ ಸೇದ್ತೀಯಾ' ಅನ್ನೋದು ಒಂದೇ ಅಲ್ಲ, 'ಏನು ಕೆಲಸ ಮಾಡ್ತೀಯಾ, ಎಷ್ಟು ವರ್ಷದಿಂದ' ಅನ್ನೋದೂ ಹೌದು.

5

ಕೆಲಸ ಕೇಳದೆ ಮೈ ಓದುವ ಈ ಪದ್ಧತಿಗೆ ಕೋರ್ಟಿನಲ್ಲಿ ದೊಡ್ಡ ಉತ್ತರ ಕೊಡಿಸಿದವನು ಒಡಿಸ್ಸಾದ ಒಬ್ಬ ಬಡಗಿ. ಸಿನಿಮಾ ಮಂದಿರದ ಕೆಲಸದಲ್ಲಿ ಬಿದ್ದು ಎಡಗೈ ಮೊಣಕೈಗಿಂತ ಮೇಲೆ ಕತ್ತರಿಸಬೇಕಾಯಿತು. ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅಂಗಾಂಗಗಳಿಗೆ ಒಂದು ದರಪಟ್ಟಿ ಇತ್ತು. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ನಷ್ಟ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14, ಹೀಗೆ. ಮಾಲೀಕನ ವಾದ ಈ ಪಟ್ಟಿಯನ್ನೇ ಹಿಡಿದಿತ್ತು: ಒಂದು ಕೈ ಹೋಯಿತು, ಇನ್ನೊಂದು ಇದೆಯಲ್ಲ, ನಷ್ಟ ಪೂರ್ತಿ ಹೇಗಾಗುತ್ತದೆ? ಸುಪ್ರೀಂ ಕೋರ್ಟು 1975ರಲ್ಲಿ, ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ, ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಆದ್ದರಿಂದ ನಷ್ಟ ನೂರಕ್ಕೆ ನೂರು ಅಂತ ಎತ್ತಿಹಿಡಿಯಿತು. ಅಪಘಾತ ಆದ ದಿನದಿಂದಲೇ ಪರಿಹಾರ ಬಾಕಿ ಅಂತಲೂ ಹೇಳಿತು.

ಈ ತೀರ್ಪಿನ ತಿರುಳು ಕಾಯ್ದೆಯ ಒಂದು ವ್ಯಾಖ್ಯೆಯಲ್ಲಿತ್ತು. ಪೂರ್ಣ ಅಶಕ್ತತೆ ಅಂದರೆ, ಅಪಘಾತದ ಹೊತ್ತಿಗೆ ಮಾಡಬಲ್ಲವನಾಗಿದ್ದ ಕೆಲಸಗಳನ್ನೆಲ್ಲ ಮಾಡಲಾಗದ ಸ್ಥಿತಿ. 'ಮಾಡಬಲ್ಲವನಾಗಿದ್ದ' ಅನ್ನುವ ಪದವನ್ನು ನಾವು ಗಟ್ಟಿಯಾಗಿ ಹಿಡಿಯಬೇಕು. ಕಲ್ಲು ಒಡೆಯುವುದಷ್ಟೇ ಮಾಡಬಲ್ಲವನಾಗಿದ್ದವನಿಗೆ, ಬೇರೆ ಏನನ್ನೂ ಕಲಿಯಲು ಈ ಸಮಾಜ ಬಿಡದೇ ಇದ್ದವನಿಗೆ, ಕಾಲಿನ ಪೆಟ್ಟಿನ ಅಳತೆ ಮೇಷ್ಟ್ರ ಕಾಲಿನ ಪೆಟ್ಟಿನ ಅಳತೆಯಾಗಲಾರದು. ನನ್ನ ಕಾಲು ಮುರಿದರೆ ನಾನು ಕುರ್ಚಿ ಹಾಕಿಕೊಂಡು ಪಾಠ ಮಾಡ್ತೀನಿ, ತಿಂಗಳಿಗೆ ಸಂಬಳ ಬರ್ತದೆ. ಮಾವನ ಎಕ್ಸ್‌ರೇಯೂ ನನ್ನ ಎಕ್ಸ್‌ರೇಯೂ ಒಂದೇ ಥರ ಇರಬಹುದು.

1984ರ ತಿದ್ದುಪಡಿ ಈ ದಾರಿಯಲ್ಲಿ ಒಂದು ಮುಳ್ಳು ನೆಟ್ಟಿತು. ಪಟ್ಟಿಯಲ್ಲಿ ಇಲ್ಲದ ಗಾಯಗಳಿಗೆ ಗಳಿಕೆಯ ಶಕ್ತಿಯ ನಷ್ಟವನ್ನು ಅಳೆಯಬೇಕಾದವನು ಅರ್ಹ ವೈದ್ಯ ಅಂತ ಕಾಯ್ದೆಯಲ್ಲೇ ಬರೆದರು. ಒಂದು ಕಡೆಯಿಂದ ಇದು ಒಳ್ಳೆಯದೇ. ಅಧಿಕಾರಿಯ ಅಂದಾಜಿಗಿಂತ ಶಾಸ್ತ್ರ ಬಲ್ಲವನ ಮಾತು ಮೇಲು. ಆದರೆ ಕೀಲು ಎಷ್ಟು ಡಿಗ್ರಿ ಬಾಗುತ್ತದೆ ಅನ್ನೋದು ವೈದ್ಯಕ್ಕೆ ಸೇರಿದ್ದು. ಅಷ್ಟು ಬಾಗುವ ಕೀಲಿಟ್ಟುಕೊಂಡು ಹೊಸದುರ್ಗದ ಸಂತೆಯಲ್ಲಿ ತೆಂಗಿನಕಾಯಿ ಮೂಟೆ ಹೊರಬಹುದೇ ಅನ್ನೋದು ಮೂಟೆ ಹೊರುವವನಿಗೆ ಗೊತ್ತಿರುವ ವಿಷಯ.

ಈ ಎರಡನ್ನೂ ಬೇರೆ ಮಾಡಿ ತೋರಿಸಿದ್ದು 2010ರ ಅಕ್ಟೋಬರಿನ ರಾಜ್ ಕುಮಾರ್ ಪ್ರಕರಣ. ಅದು ರಸ್ತೆ ಅಪಘಾತದ ಕೇಸು. ನಮ್ಮ ಹೈಕೋರ್ಟಿನಿಂದಲೇ ಹೋಗಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಬರೆದ ತೀರ್ಪು. ದೇಹದ ಊನದ ಶೇಕಡಾವಾರು ಬೇರೆ, ಗಳಿಕೆಯ ನಷ್ಟದ ಶೇಕಡಾವಾರು ಬೇರೆ. ಮೊದಲನೆಯದನ್ನು ವೈದ್ಯ ಹೇಳಲಿ, ಎರಡನೆಯದನ್ನು ಆ ಮನುಷ್ಯನ ಕೆಲಸ, ವಯಸ್ಸು, ಬದುಕು ನೋಡಿ ನ್ಯಾಯಮಂಡಳಿ ತೀರ್ಮಾನಿಸಲಿ ಅಂತ ಅದು ಹೇಳಿತು. ಕೈ ಕಳೆದುಕೊಂಡ ಡ್ರೈವರನೋ ಬಡಗಿಯೋ ಪೂರ್ತಿ ಕಳೆದುಕೊಳ್ಳುತ್ತಾನೆ, ಅದೇ ಕೈ ಕಳೆದುಕೊಂಡ ಸರ್ಕಾರಿ ಗುಮಾಸ್ತ ಕೆಲಸವನ್ನೇ ಕಳೆದುಕೊಳ್ಳದೆ ಇರಬಹುದು ಅನ್ನುವ ಹೋಲಿಕೆ ಅಲ್ಲಿದೆ. ಬೇಕಾದ ಹಾಗೆ ಬರೆದುಕೊಡುವ ಸರ್ಟಿಫಿಕೇಟುಗಳ ಬಗ್ಗೆಯೂ ಅದು ಎಚ್ಚರಿಸಿತು. ಆಳಿನ ಪರವಾಗಿ ಹುಟ್ಟುವ ಸುಳ್ಳು ಚೀಟಿಗಳೂ ಇವೆ ಅನ್ನೋದನ್ನ ನಾವು ಮುಚ್ಚಿಡಬಾರದು. ಒಂದು ಸುಳ್ಳು ಚೀಟಿ ಹತ್ತು ನಿಜವಾದ ಗಾಯಗಳನ್ನು ಅನುಮಾನಕ್ಕೆ ದೂಡ್ತದೆ.

6

ಇಷ್ಟೊತ್ತು ಹೇಳಿದ್ದು 'ಯೋಗ್ಯ' ಅನ್ನೋ ತೀರ್ಪಿನ ವಿರುದ್ಧದ ಜಗಳ. ಇದಕ್ಕೆ ತಿರುಗುಮುರುಗಾದ ಜಗಳವೂ ಒಂದಿದೆ. ವೈದ್ಯ 'ಅಯೋಗ್ಯ' ಅಂತಾನೆ, ಆಳು 'ಇಲ್ಲ ಸಾಮಿ, ನಾನು ಮಾಡಬಲ್ಲೆ, ನನ್ನನ್ನ ತೆಗೀಬೇಡಿ' ಅಂತಾನೆ. ಒಂದೇ ಮನುಷ್ಯ ಈ ಎರಡು ಮಾತನ್ನೂ ಆಡಬೇಕಾಗಿ ಬರುವುದು ವಿಚಿತ್ರವಾಗಿ ಕಾಣಬಹುದು. ಎರಡರ ಬುಡದಲ್ಲೂ ಇರುವುದು ಒಂದೇ ಭಯ, ಒಲೆ ಆರುವ ಭಯ.

ಗಣಿ ಕಾಯ್ದೆಗೆ 1983ರಲ್ಲಿ ಸೇರಿಸಿದ 9ಎ ಸೆಕ್ಷನ್ನು ಈ ಭಯಕ್ಕೆ ಒಂದು ಉತ್ತರ ಕೊಟ್ಟಿತ್ತು. ಗಣಿಯ ಕೆಲಸದಿಂದಲೇ ಅಯೋಗ್ಯನಾದವನಿಗೆ ಚಿಕಿತ್ಸೆ ಮಾಲೀಕನ ಖರ್ಚಿನಲ್ಲಿ, ಆ ಕಾಲಕ್ಕೆ ಪೂರ್ತಿ ಕೂಲಿ. ಆಮೇಲೂ ಆಗದಿದ್ದರೆ ಅದೇ ಗಣಿಯಲ್ಲಿ ಅವನಿಗೆ ಆಗುವ ಬೇರೆ ಕೆಲಸ. ಅದೂ ಇಲ್ಲವಾದರೆ ಭತ್ಯೆ. 1995ರ ಅಂಗವಿಕಲರ ಕಾಯ್ದೆಯ 47ನೇ ಸೆಕ್ಷನ್ನು, ಸರ್ಕಾರಿ ಸಂಸ್ಥೆಯಲ್ಲಿ ಕೆಲಸದಲ್ಲಿದ್ದಾಗ ಊನವಾದವನನ್ನು ತೆಗೆಯಬಾರದು, ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು ಅಂತ ಹೇಳಿತು. 2003ರ ಕುನಾಲ್ ಸಿಂಗ್ ಪ್ರಕರಣದಲ್ಲಿ, ಕಾಲು ಕಳೆದುಕೊಂಡ ಪೇದೆಯೊಬ್ಬನ ವಿಷಯದಲ್ಲಿ, ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. 2016ರ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ.

ಈ ರಕ್ಷಣೆ ಯಾರಿಗೆ ಸಿಕ್ಕಿತು? ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ, ಖಾಯಂ ಆದವನಿಗೆ. ನಗರಸಭೆಯ ಚರಂಡಿಗೆ ಗುತ್ತಿಗೆಯ ಮೇಲೆ ಇಳಿದವನಿಗೆ, ಇವತ್ತು ಒಂದು ಕ್ರಷರು, ನಾಳೆ ಇನ್ನೊಂದು ಕ್ವಾರಿ ಅಂತ ತಿರುಗುವವನಿಗೆ ಹುದ್ದೆಯೇ ಇಲ್ಲ, ಬೇರೆ ಹುದ್ದೆ ಎಲ್ಲಿಂದ ಬರಬೇಕು? ಮಲ ಹೊರುವ ಪದ್ಧತಿಯ ವಿರುದ್ಧ ಬಸವಲಿಂಗಪ್ಪನವರು 1970ರ ದಶಕದಲ್ಲೇ ನಿಂತ ರಾಜ್ಯ ಇದು. ದೇಶದ ಮಟ್ಟದಲ್ಲಿ 1993ರಲ್ಲಿ, ಮತ್ತೆ 2013ರಲ್ಲಿ ಕಾನೂನು ಬಂತು. 2023ರ ಅಕ್ಟೋಬರ್ 20ರಂದು ಬಲರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮ್ಯಾನ್‌ಹೋಲಿನಲ್ಲಿ ಸತ್ತವರ ಸಂಸಾರಕ್ಕೆ 30 ಲಕ್ಷ, ಶಾಶ್ವತ ಊನವಾಗಿ ದುಡಿಮೆಯೇ ನಿಂತರೆ ಕನಿಷ್ಠ 20 ಲಕ್ಷ, ಉಳಿದ ಊನಕ್ಕೆ ಕನಿಷ್ಠ 10 ಲಕ್ಷ ಅಂತ ಗೊತ್ತುಮಾಡಿತು. ಹತ್ತಕ್ಕೂ ಇಪ್ಪತ್ತಕ್ಕೂ ನಡುವೆ ಗೆರೆ ಎಳೆಯುವವರು ಯಾರು? ಮತ್ತೆ ಅದೇ ವೈದ್ಯರ ಮಾತು. ವಿಷದ ಗಾಳಿ ಕುಡಿದು ಬದುಕಿ ಬಂದವನ ಎದೆ, ಕಣ್ಣು, ತಲೆ ಯಾವ ಪಟ್ಟಿಯ ಯಾವ ಸಾಲಿಗೆ ಬರ್ತವೆ?

ನಮ್ಮ ಜಿಲ್ಲೆ ಶರಣರ ಮಾತು ಕೇಳಿ ಬೆಳೆದದ್ದು. ಕಾಯಕದ ಬಗ್ಗೆ ಭಾಷಣ ಇಲ್ಲದ ಸಮಾರಂಭ ಇಲ್ಲ. ಕಾಯಕದ ಒಳಗೆ ಕಾಯ ಇದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರ ಹೆಸರು ಹೇಳುವ ನಾವು, ಚರ್ಮ ಹದ ಮಾಡಿದ ಆ ಕೈಗಳು ಸುಣ್ಣದ ನೀರಲ್ಲಿ ಹೇಗೆ ಸುಲಿದಿದ್ದಾವು ಅಂತ ಕೇಳಿದ್ದು ಅಪರೂಪ. ಕಾಯಕವನ್ನು ಹೊಗಳಿ ಕಾಯವನ್ನು ಮರೆಯುವ ಸಂಸ್ಕೃತಿಗೆ, ಮೂಳೆ ನೋಡಿ ಮನುಷ್ಯನನ್ನು ಮರೆಯುವ ಸರ್ಟಿಫಿಕೇಟು ಬಹಳ ಹತ್ತಿರದ ನೆಂಟ.

7

ಹಾಗಾದರೆ ವೈದ್ಯರನ್ನು ನಂಬಬಾರದೇ? ಹೀಗೆ ಕೇಳುವವರಿಗೆ ಉತ್ತರ ಹೇಳಬೇಕು. ವೈದ್ಯಶಾಸ್ತ್ರವನ್ನು ತಿರಸ್ಕರಿಸಿ ದಲಿತರು ಗೆಲ್ಲುವುದು ಏನೂ ಇಲ್ಲ. ಸಿಲಿಕೋಸಿಸನ್ನು ಕ್ಷಯದಿಂದ ಬಿಡಿಸಿ ತೋರಿಸಿದ್ದೂ ವೈದ್ಯರೇ. 1995ರ ಜನವರಿ 27ರ ಆಸ್‌ಬೆಸ್ಟಾಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕಾರ್ಮಿಕರನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಿಂದ ಮರುಪರೀಕ್ಷೆ ಮಾಡಿಸಲು ಹೇಳಿತು. ರೋಗ ಇದೆ ಅಂತ ಕಂಡವರಿಗೆ ಒಂದು ಲಕ್ಷ ಕೊಡಿ ಅಂದಿತು. ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿಂದ 40 ವರ್ಷವೋ ನಿವೃತ್ತಿಯಾದ ಮೇಲೆ 15 ವರ್ಷವೋ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಅಂದಿತು. ಕೆಲಸಗಾರನ ಆರೋಗ್ಯ ಜೀವಿಸುವ ಹಕ್ಕಿನ ಭಾಗ ಅನ್ನೋದು ಅಲ್ಲಿ ಸ್ಪಷ್ಟವಾಯಿತು. ಅಂದರೆ ಒಬ್ಬ ವೈದ್ಯನ ಮಾತಿಗೆ ಉತ್ತರ ಇನ್ನೊಬ್ಬ, ಮಾಲೀಕನಿಗೆ ಋಣಿಯಾಗದ ವೈದ್ಯನ ಮಾತು. ಆ ಎರಡನೆಯ ಮಾತು ಬಡವನಿಗೆ ಎಟುಕುವಂತೆ ಮಾಡುವುದೇ ರಾಜಕಾರಣ.

1923ರ ಕಾಯ್ದೆ 2009ರ ತಿದ್ದುಪಡಿಯಿಂದ ಹೆಸರು ಬದಲಿಸಿಕೊಂಡಿತು. 2025ರ ನವೆಂಬರ್ 21ರಂದು 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಅದರ ಜಾಗದಲ್ಲಿ ಕೂತಿದೆ. ಅಂಗಾಂಗಗಳ ದರಪಟ್ಟಿ ಅಲ್ಲೂ ಇದೆ, ಅರ್ಹ ವೈದ್ಯನೂ ಇದ್ದಾನೆ. ಹೊಸ ಸಂಹಿತೆಯ ಬಗ್ಗೆ ದೆಹಲಿ ಬೆಂಗಳೂರುಗಳಲ್ಲಿ ಚರ್ಚೆ ನಡೆಯುತ್ತಿರುವಾಗ, ನಮ್ಮ ನಾಲ್ಕು ತಾಲ್ಲೂಕುಗಳ ಕೇರಿಗಳಲ್ಲಿ ಮಾಡಬಹುದಾದ ಕೆಲಸ ಸಣ್ಣದು, ಆದರೆ ಇವತ್ತೇ ಶುರು ಮಾಡಬಹುದಾದದ್ದು.

ಪೆಟ್ಟಾದ ದಿನ ಆಸ್ಪತ್ರೆಯ ಚೀಟಿಯಲ್ಲಿ 'ಬಿದ್ದು ಗಾಯ' ಅಂತ ಮಾತ್ರ ಬರೆಸಬಾರದು. ಎಲ್ಲಿ, ಯಾರ ಕೆಲಸದಲ್ಲಿ, ಎಷ್ಟು ಹೊತ್ತಿಗೆ ಅಂತ ಬರೆಸಬೇಕು. ಜೊತೆಯವರ ಹೆಸರು ಬರೆದಿಡಬೇಕು. ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಬಾರದು. ಎಕ್ಸ್‌ರೇ ಮಾಲೀಕನ ಆಫೀಸಲ್ಲಿ ಇರಬಾರದು, ಮನೆಯ ಟ್ರಂಕಿನಲ್ಲಿ ಇರಬೇಕು. ಮಾಲೀಕನ ಡಾಕ್ಟರ ಪರೀಕ್ಷೆಗೆ ಹೋಗಬೇಕು, ಹೋದ ಮೇಲೆ ಸರ್ಕಾರಿ ಆಸ್ಪತ್ರೆಗೂ ಹೋಗಿ ಎರಡನೆಯ ಅಭಿಪ್ರಾಯ ಬರೆಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಾನು ದಿನಾ ಮಾಡುತ್ತಿದ್ದ ಕೆಲಸ ಏನು ಅನ್ನೋದನ್ನ ಬರೆಸಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಡಬೇಕು: ಎಷ್ಟು ಕೆ.ಜಿ. ಎತ್ತುತ್ತಿದ್ದೆ, ಎಷ್ಟು ಸಲ ಬಗ್ಗುತ್ತಿದ್ದೆ, ಎಷ್ಟು ಹೊತ್ತು ಕುಕ್ಕುರುಗಾಲಲ್ಲಿ ಕೂರುತ್ತಿದ್ದೆ, ಎಷ್ಟು ಮೆಟ್ಟಿಲು ಹತ್ತುತ್ತಿದ್ದೆ. 'ಇದನ್ನೆಲ್ಲ ಮಾಡಬಲ್ಲನಾ ನೋಡಿ ಬರೀರಿ' ಅಂತ ಕೇಳಬೇಕು.

ಇದನ್ನು ಬರೆದುಕೊಡುವವರು ಯಾರು? ಇಲ್ಲಿಗೆ ನಮ್ಮಂಥ ಓದಿಕೊಂಡವರ ಸರದಿ ಬರುತ್ತದೆ. ಚಿತ್ರದುರ್ಗ ಲೋಕಸಭೆ 2009ರಿಂದ ಮೀಸಲು ಕ್ಷೇತ್ರ, ಹೊಳಲ್ಕೆರೆ ವಿಧಾನಸಭೆ 2008ರಿಂದ. ನಮ್ಮ ಮಕ್ಕಳು ಕಾಲೇಜುಗಳಲ್ಲಿ ತುಂಬಿದ್ದಾರೆ. ಒಂದು ಕವಿತೆಯ ಒಳಗೆ ಅಡಗಿದ ಯಜಮಾನಿಕೆಯನ್ನು ಹುಡುಕಿ ಪ್ರಬಂಧ ಬರೆಯಬಲ್ಲ ವಿದ್ಯಾರ್ಥಿ ಅದೇ ಕಣ್ಣಿಂದ ಒಂದು ಫಿಟ್‌ನೆಸ್ ಸರ್ಟಿಫಿಕೇಟು ಓದಬಲ್ಲ, ಅದಕ್ಕೆ ಎರಡು ಪುಟದ ಉತ್ತರ ಬರೆಯಬಲ್ಲ. ಆ ಉತ್ತರ ಯಾವ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ. ಆಯುಕ್ತರ ಕಡತದಲ್ಲಿ ಒಂದು ಹಾಳೆಯಾಗಿ ಸೇರಿಕೊಳ್ಳುತ್ತದೆ. ದಲಿತ ವಿಮರ್ಶೆ ಅಂತ ನಾವು ಕರೆಯುವುದಕ್ಕೆ ಆ ಹಾಳೆಯೂ ಸೇರಲಿ ಅನ್ನೋದು ನನ್ನ ವಾದ. ಕವಿತೆ ಕಾದೀತು. ಪರಿಹಾರದ ಅರ್ಜಿಗೆ ಮಾತ್ರ ಕೊನೆಯ ದಿನಾಂಕ ಇರುತ್ತದೆ.